ಹಡಗಿನಿಂದ ಜೊತೆಗೆ ಬಂದವನು

ಮೈಸೂರು ಮೈನ್ಸ್, ಕೆ.ಜಿ.ಎಫ್.
೧೦–೧೨–೧೯೮೪

ಪ್ರೀತಿಯ ತಂಗಿ ನರಸಮ್ಮನಿಗೆ,

ನಿನ್ನ ಅಕ್ಕ ಮಂಗಮ್ಮ ತಲೆ ಸವರಿ ಬರೆಯುವುದು. ಕಾಲಿನ ಊತ ಇಳಿಯಿತೇ? ತುಂಬಿದ ಬಸುರಿ, ನೀರಿನ ಕೊಡ ಎತ್ತಬೇಡ. ಹಾಲು ಕರೆಯುವುದನ್ನು ಚಿಕ್ಕವೆಂಕಟಪ್ಪನೇ ಮಾಡಲಿ. ಒಳ್ಳೆಯ ಮನುಷ್ಯ, ಹೇಳಿದರೆ ಕೇಳುತ್ತಾನೆ. ಮೊದಲ ಮದುವೆಯಲ್ಲಿ ಸಿಗದ ಮಗು ನಿನಗೆ ಈ ಮನೆಯಲ್ಲಿ ಸಿಗುತ್ತಿದೆಯಲ್ಲ ಎಂದು ದೀಪ ಹಚ್ಚುವಾಗಲೆಲ್ಲ ನೆನೆಯುತ್ತೇನೆ. ಕಾಮಸಮುದ್ರದ ಕಡೆ ಮಳೆ ಜೋರಾಗಿತ್ತಂತೆ, ಕೊಟ್ಟಿಗೆ ಸೋರುತ್ತಿಲ್ಲ ತಾನೇ?

ನಾವು ಅಂಡಮಾನ್ ನೋಡಲಿಲ್ಲ. ಅರ್ಧ ದಾರಿಯಿಂದ ಹಡಗು ವಾಪಸು ಬಂತು. ಕಂಪನಿಯವರು ರಜೆಗೆ ಪ್ರಯಾಣದ ಖರ್ಚು ಕೊಡುತ್ತಾರೆಂದಾಗ ನಾನು ತಿರುಪತಿ ಎಂದಿದ್ದೆ. ಪಕ್ಕದ ಮನೆಯ ಆರುಮುಗಂ ಬಂದು, “ಅಕ್ಕಾ, ಒಂದ್ಸಲಿ ಕಪ್ಪಲ್‌ನಾಗೆ ಓಗ್ಬನ್ನಿ, ಕಡಲು ನೋಡ್ದೆ ಸಾಯ್ಬಾರ್ದು” ಎಂದು ತಲೆ ಕೆಡಿಸಿದ. ನಿನ್ನ ಭಾವ, “ಬದುಕೆಲ್ಲ ಬಂಡೆ ಒಳಗೇ ಓಯ್ತು, ಬಯಲು ಅಂದ್ರೆ ಏನಂತ ನೋಡಾನ ಕಣೇ” ಎಂದರು. ಅವರು ಆಸೆಪಟ್ಟು ಕೇಳಿದ್ದು ಅದೊಂದೇ, ನಾನು ಹೂಂ ಎಂದೆ. ಬಂಗಾರಪೇಟೆಯಲ್ಲಿ ರೈಲು ಹತ್ತಿ ಮದ್ರಾಸಿಗೆ ಹೋಗಿ ಹಡಗು ಸೇರಿದೆವು. ಮೊದಲ ದಿನ ನೀನು ನಿನ್ನ ಭಾವನನ್ನು ನೋಡಬೇಕಿತ್ತು! ಮೇಲಿನ ಕಟಕಟೆ ಹಿಡಿದು ನಿಂತವರು ಊಟಕ್ಕೂ ಇಳಿಯಲಿಲ್ಲ. ನೀರಿನಿಂದ ಹಾರುವ ಮೀನು ಕಂಡು, ನಮ್ಮ ಗಂಗರತ್ನಳಿಗಿಂತ ಹೆಚ್ಚಾಗಿ ಅವರೇ ಕೂಗಿಕೊಂಡರು.

ಮರುದಿನ ಮಧ್ಯಾಹ್ನ ಆಕಾಶ ಮಸಿ ಬಳಿದಂತಾಯಿತು. ಹಡಗಿನ ಆಳುಗಳು ಎಲ್ಲರನ್ನೂ ಕೆಳಗಟ್ಟಿ ಮೇಲಿನ ಬಾಗಿಲು ಹಾಕಿದರು. ಕೆಳಗೆ ಒಂದರ ಮೇಲೊಂದು ಕಬ್ಬಿಣದ ಮಂಚ, ಕಿಟಕಿಯಿಲ್ಲ. ಹಡಗು ಎದ್ದು ಬೀಳುತ್ತಿತ್ತು. ಎಲ್ಲರಿಗೂ ವಾಂತಿ, ಮಕ್ಕಳ ಕಿರುಚಾಟ. ಅಷ್ಟರಲ್ಲಿ ದೀಪವೂ ಆರಿತು. ನಾನು ಗಂಗಳನ್ನು ತಬ್ಬಿಕೊಂಡು ಕುಳಿತಿದ್ದೆ. ನಿನ್ನ ಭಾವ ಮಂಚದಿಂದಿಳಿದು ಗೋಡೆಗೆ ಕಿವಿಯಿಟ್ಟರು. ಆಮೇಲೆ ಹಿತ್ತಾಳೆ ಲೋಟದಿಂದ ಗೋಡೆ ಬಡಿಯತೊಡಗಿದರು. ಬಡಿಯುವುದು, ನಿಲ್ಲಿಸುವುದು, ಆಲಿಸುವುದು. ಯಾರೋ ಬೈದರು. ಅವರಿಗೆ ಅದು ಕೇಳಲೇ ಇಲ್ಲ.

ನರಸೀ, ಗಣಿಯಲ್ಲಿ ಬಂಡೆ ಸಿಡಿದು ದಾರಿ ಮುಚ್ಚಿಹೋದರೆ ಹೀಗೆಯೇ ಪೈಪು ಬಡಿಯುತ್ತಾರೆ. ಆಚೆ ಜೀವವಿದ್ದರೆ ಅದೂ ಬಡಿಯುತ್ತದೆ. ನಿನ್ನ ತಾಳಿ ಹರಿದ ಆ ದಿನ, ನಮ್ಮ ಶ್ರೀರಾಮ ಒಳಗೆ ಸಿಕ್ಕಿಕೊಂಡಾಗ, ಇವರು ತಮ್ಮನಿಗಾಗಿ ಬಡಿದಿದ್ದರಂತೆ. ಉತ್ತರವೂ ಬಂದಿತ್ತಂತೆ. ಬಂಡೆ ಇನ್ನೂ ಸಿಡಿಯುತ್ತಿದೆಯೆಂದು ಕಂಪನಿಯವರು ಇವರನ್ನೂ ಸೇರಿಸಿ ಎಲ್ಲರನ್ನೂ ಮೇಲಕ್ಕೆ ಎಳೆದುಕೊಂಡು ಬಂದರಂತೆ. ಇಷ್ಟು ವರ್ಷ ನನ್ನ ಮಗ್ಗುಲಲ್ಲಿ ಮಲಗಿಯೂ ಈ ಮಾತು ಆಡದವರು ಆ ಕತ್ತಲೆಯಲ್ಲಿ ಹೇಳಿದರು. ಹೇಳಿ, “ಸೀರಾಮ ಅವ್ನೆ ಕಣೇ. ಕೇಳು, ಉಸ್ರು ಐತೆ ಅವ್ನಿಗೆ” ಎಂದು ನನ್ನ ಕೈ ಎಳೆದು ಗೋಡೆಗೆ ಒತ್ತಿದರು. ಅವರು ಬಡಿದರು. ಆಚೆಯಿಂದ ಯಾರೋ ಮೆಲ್ಲಗೆ ಬಡಿದದ್ದು ನನ್ನ ಅಂಗೈಗೇ ತಿಳಿಯಿತು. ದೀಪ ಬಂದ ಮೇಲೆ ಹಡಗಿನವನೊಬ್ಬನನ್ನು ಕೇಳಿದೆ. ಆಚೆ ಏನೂ ಇಲ್ಲ, ಬರೀ ಸಮುದ್ರ ಎಂದ.

ಬಿರುಗಾಳಿ ಬಲಿಯಿತೆಂದು ಹಡಗನ್ನು ಮದ್ರಾಸಿಗೇ ತಿರುಗಿಸಿದರು. ದಡ ಮುಟ್ಟಿದಾಗ ಜನ ಬದುಕಿದೆವೆಂದು ಓಡಿದರು. ಇವರು ಮಂಚದ ಕಂಬಿ ತಬ್ಬಿ ಕುಳಿತರು. “ಆವತ್ತೂ ಬಿಟ್ ಬಂದೆ. ಇವತ್ತು ಬರಲ್ಲ. ನೀವ್ ಓಗಿ” ಎಂದರು. ಮಗಳು ಕಾಲು ಹಿಡಿದು ಅತ್ತಳು, ಅಲುಗಲಿಲ್ಲ. ನನಗೆ ಬೇರೆ ದಾರಿ ತೋಚಲಿಲ್ಲ. ಗೋಡೆಗೆ ಕೈಯಿಟ್ಟು ಕರೆದೆ: “ಸೀರಾಮ, ಏಳಪ್ಪಾ, ಮನೇಗೆ ಓಗಾನ ಬಾ. ನಿಮ್ಮಣ್ಣ ಕಾಯ್ತಾವ್ರೆ.” ನಿನ್ನ ಭಾವ ತಕ್ಷಣ ಎದ್ದು, ಮಗುವಿನ ಹಾಗೆ ನನ್ನ ಹಿಂದೆ ಬಂದರು. ರೈಲಿನಲ್ಲಿ ಪಕ್ಕದ ಜಾಗಕ್ಕೆ ಟವೆಲ್ ಹಾಸಿ, ಕೂರಲು ಬಂದವರಿಗೆಲ್ಲ “ಇಲ್ಲಿ ಆಳ್ ಅವ್ರೆ” ಎನ್ನುತ್ತಿದ್ದರು.

ಈಗ ಮನೆಯಲ್ಲಿ ಒಂದು ತಟ್ಟೆ ಹೆಚ್ಚಿಗೆ ಇಡುತ್ತೇನೆ. ಒಳಕೋಣೆಯಲ್ಲಿ ಆಗಾಗ ಗೋಡೆ ಬಡಿಯುತ್ತದೆ, ಇವರು ತಿರುಗಿ ಬಡಿದು ನಗುತ್ತಾರೆ. ಗಂಗ ಆ ಕೋಣೆಗೆ ಕಾಲಿಡುವುದಿಲ್ಲ. ಆದರೆ ಬೆಚ್ಚಿಬಿದ್ದು ಏಳುತ್ತಿದ್ದ ಮನುಷ್ಯ ಈಗ ಕಣ್ತುಂಬ ನಿದ್ದೆ ಮಾಡುತ್ತಿದ್ದಾರೆ, ಮುಖದಲ್ಲಿ ಕಳೆ ಬಂದಿದೆ. ಅದನ್ನು ನೋಡಿ ನಾನು ಬಾಯಿ ಮುಚ್ಚಿಕೊಂಡಿದ್ದೇನೆ. ಗಂಡನ ಸುಖ ನೋಡಿಯೂ ಎದೆ ನಡುಗುವುದುಂಟೇ, ಹೇಳು.

ಚಿಕ್ಕವೆಂಕಟಪ್ಪನಿಗೆ ನನ್ನ ನೆನಪು ತಿಳಿಸು. ಹೆರಿಗೆ ಹಗುರಾಗಲಿ, ತಾಯಿ ಮಗು ಎರಡೂ ಜೀವ ತಣ್ಣಗಿರಲಿ.

ನಿನ್ನ ಅಕ್ಕ,
ಮಂಗಮ್ಮ

ಮರೆಯದೆ ಓದು: ಮೇಲಿನದನ್ನು ಬರೆದಿಟ್ಟು, ಟಪಾಲಿಗೆ ಹಾಕದೆ ನಾಲ್ಕು ದಿನವಾಯಿತು. ಈಗ ಹೇಳುವುದು ನಿನ್ನ ಭಾವನಿಗೆ ಗೊತ್ತಿಲ್ಲ. ಮೊನ್ನೆ ಅವರು ಕೆಲಸಕ್ಕೆ ಹೋದಾಗ ಗೋಡೆ ಬಡಿತ ನಿಲ್ಲಲೇ ಇಲ್ಲ. ಶ್ರೀರಾಮ ಕೇಳುತ್ತಿರುವುದು ನಿನ್ನನ್ನೇ ಎಂದು ನನಗೆ ಅನ್ನಿಸಿಬಿಟ್ಟಿತು. ತಡೆಯಲಾರದೆ, “ಅವ್ಳು ಇಲ್ಲಿಲ್ಲ ಕಣಪ್ಪಾ, ಕಾಮಸಮುದ್ರದಾಗೆ ಅವ್ಳೆ, ಬ್ಯಾರೆ ಮನೆ ಆಗೈತೆ, ಬಸ್ರಿ” ಎಂದುಬಿಟ್ಟೆ. ಬಡಿತ ನಿಂತಿತು. ಆಮೇಲೆ ಬಂದಿಲ್ಲ. ನಿನ್ನ ಭಾವ ಗೋಡೆಗೆ ಕಿವಿಯಿಟ್ಟು ಕುಳಿತೇ ಇದ್ದಾರೆ. ಊರಿನ ಹೆಸರು ಹೇಳಬಾರದಿತ್ತು. ನಿನ್ನ ಮನೆಯ ಗೋಡೆ ಬಡಿದರೆ, ಎಷ್ಟೇ ಕರುಳು ಕಿವುಚಿದರೂ, ನೀನು ತಿರುಗಿ ಬಡಿಯಬೇಡ ತಾಯಿ.