ಇವರಿಗಾಗಿ ಮಾಡಿದ ಸ್ಪ್ಲಿಂಟ್

ಹಲ್ಲಿನ ಆಸ್ಪತ್ರೆಯ ಲ್ಯಾಬ್,
ಜೂನ್ ೧೨, ಗುರುವಾರ ಮಧ್ಯಾಹ್ನ

ನನ್ನ ಮುದ್ದಿನ ಅಕ್ಕಾ,

ನಿನ್ನ ಸೊಂಟನೋವು ಹೇಗಿದೆ? ಭಾವ ಈಗಲಾದರೂ ನೀರಿನ ಬಕೆಟ್ ಎತ್ತಿಕೊಡುತ್ತಾರಾ, ಇಲ್ಲ ಪೇಪರಿನ ಹಿಂದೆ ಅಡಗಿ ಕೂತಿರುತ್ತಾರಾ? ನನ್ನ ಕಾನ್ವೆಂಟ್ ಕನ್ನಡ ನೋಡಿ ನಗಬೇಡ. ಫೋನಿನಲ್ಲಿ ಹೇಳಲು ಹೋದರೆ ಬೇರೆ ಏನೇನೋ ಹರಟಿ ಇಟ್ಟುಬಿಡುತ್ತೇನೆ, ಅದಕ್ಕೇ ಈ ಕಾಗದ.

ಇವರು ತುಂಬಾ ತುಂಬಾ ಒಳ್ಳೆಯವರು, ಅಕ್ಕಾ. ಮಳೆ ಬಂದರೆ ಕೊಡೆಯನ್ನು ಪೂರ್ತಿ ನನ್ನ ಕಡೆಗೇ ವಾಲಿಸಿ ತಾವು ತೋಯುತ್ತಾರೆ. ಕಳೆದ ವರ್ಷ ಚೆಂಡು ಬಡಿದು ಅಲ್ಲಾಡುತ್ತಿದ್ದ ಇವರ ಮುಂದಿನ ಹಲ್ಲನ್ನು ನಮ್ಮ ಡಾಕ್ಟರು ಸಣ್ಣ ತಂತಿಯಿಂದ ಅಕ್ಕಪಕ್ಕದ ಹಲ್ಲುಗಳಿಗೆ ಬಿಗಿದು ಉಳಿಸಿದರಲ್ಲ, ಆಗಲೇ ನಾನು ಮರುಳಾದದ್ದು. ತಂತಿ ತೆಗೆದ ದಿನ ಮದುವೆಯ ಮಾತು ಎತ್ತಿದವಳೂ ನಾನೇ. ಇವರು ಬೇಡ ಅನ್ನಲಿಲ್ಲ.

ಮದುವೆಯಾದ ಮೇಲೆ ಗೊತ್ತಾಯಿತು, ಇವರು ನಿದ್ದೆಯಲ್ಲಿ ಹಲ್ಲು ಕಡಿಯುತ್ತಾರೆ. ಪಕ್ಕದಲ್ಲಿ ಯಾರೋ ಕಲ್ಲುಸಕ್ಕರೆ ಅಗಿಯುತ್ತಿರುವಂಥ ಸದ್ದು. ಡಾಕ್ಟರು "ಯಾವಾಗಿಂದ ಹೀಗೆ?" ಅಂದರು. ಇವರು ಚಪ್ಪಲಿ ನೋಡುತ್ತಾ "ಇತ್ತೀಚೆಗೆ" ಅಂದರು. "ಹೆಂಡ್ತಿ ಬಂದ್ಮೇಲೆ ಎಲ್ರೂ ಹಲ್ಲು ಕಡಿಯೋದೇ ಬಿಡಿ" ಅಂತ ಡಾಕ್ಟರು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು.

ಹಲ್ಲು ಸವೆಯದಂತೆ ರಾತ್ರಿ ಹಾಕಿಕೊಳ್ಳುವ ಪ್ಲಾಸ್ಟಿಕ್ ಕವಚವನ್ನು, ಅಂದರೆ ಸ್ಪ್ಲಿಂಟನ್ನು, ನಾನೇ ಮಾಡಿದೆ. ಇವರ ಹಲ್ಲಿನ ಅಚ್ಚಿನ ಮೇಲೆ ಕೂರಿಸಿ, ಅಂಚು ನಾಲಿಗೆಗೆ ಚುಚ್ಚದಂತೆ ನುಣ್ಣಗೆ ತಿಕ್ಕಿದೆ. ಅದು ಕಡಿತವನ್ನು ನಿಲ್ಲಿಸುವುದಿಲ್ಲ, ಹಲ್ಲಿನ ಬದಲು ತಾನು ಸವೆಯುತ್ತದೆ ಅಷ್ಟೇ. ಸ್ವಲ್ಪ ದಿನದಲ್ಲೇ ಮೇಲೆಲ್ಲ ಗೀರು. ಹೋದ ತಿಂಗಳು ಇವರು ಕೆಲಸದ ಮೇಲೆ ಬೇರೆ ಊರಿಗೆ ಹೊರಟಾಗ ಅದನ್ನು ಕನ್ನಡಿಯ ಹಾಗೆ ಪಾಲಿಶ್ ಮಾಡಿ ಕಳಿಸಿದೆ. ಅಲ್ಲಿ ಮೇಲಧಿಕಾರಿಯ ಕಾಟ, ಹೋಟೆಲ್ ಊಟ, ಗೊತ್ತಿಲ್ಲದ ಹಾಸಿಗೆ. ಇನ್ನೂ ಜಾಸ್ತಿ ಕಡಿಯುತ್ತಾರೇನೋ ಎಂದು ನನಗೆ ಜೀವದಲ್ಲಿ ಜೀವವೇ ಇರಲಿಲ್ಲ.

ಮೊನ್ನೆ ಬಂದರು. ನನಗೊಂದು ನೀಲಿ ಸ್ವೆಟರ್ ತಂದಿದ್ದಾರೆ, ಎಷ್ಟು ಚೆಂದ ಗೊತ್ತಾ. ಅಮ್ಮ ಕೇಳಿದರೆ ನಾವಿಬ್ಬರೂ ಚೆನ್ನಾಗಿದ್ದೇವೆ ಅನ್ನು. ಭಾವನಿಗೆ ನಮಸ್ಕಾರ, ನಿನ್ನ ಎರಡೂ ಕೆನ್ನೆಗೆ ಮುತ್ತು.

ನಿನ್ನ
ವಟವಟ ತಂಗಿ

ತಾ.ಕ.: ಬಂದ ಸಂಜೆಯೇ ಸ್ಪ್ಲಿಂಟನ್ನು ಭೂತಗನ್ನಡಿಯ ಕೆಳಗಿಟ್ಟು ನೋಡಿದೆ. ದಿನವೂ ಹಾಕಿಕೊಂಡಿದ್ದಾರೆ, ಮಾಸಿದೆ. ಒಂದೇ ಒಂದು ಗೀರಿಲ್ಲ. ಇವತ್ತು ಬೆಳಿಗ್ಗೆ ಮತ್ತೆ ನೋಡಿದೆ. ಕೋರೆಹಲ್ಲಿನ ಜಾಗದಲ್ಲಿ ಹೊಸ ಗೀರುಗಳು. ನನ್ನಿಂದಲೇನಾ ಅಂತ ಇವರನ್ನು ಕೇಳಿದರೆ ಹಾಗೇನಿಲ್ಲ ಅಂತಲೇ ಅನ್ನುತ್ತಾರೆ, ಅಷ್ಟು ಒಳ್ಳೆಯವರು. ನಿಮ್ಮ ಮನೆಯ ಹಿಂದಿನ ಕೋಣೆ ಖಾಲಿ ಇದೆಯಾ, ಅಕ್ಕಾ? ಉತ್ತರ ಲ್ಯಾಬಿಗೇ ಬರೆ.