ಎರಡು ಹೆಸರಿನ ಊರಿಂದ ಬೀಗರಿಗೆ

ಗ್ರೂಶೋವಾ, ಅಂದರೆ ಬಿರ್ನ್‌ಡಾರ್ಫ್
ಮೇ ತಿಂಗಳ ಒಂದು ಭಾನುವಾರ

ಐರ್ಲೆಂಡಿನ ಬೀಗರಾದ ರೂನಿಯವರಿಗೆ ಅಲೋಯ್ಜಿಯ ವಂದನೆಗಳು.

ನಕ್ಷೆಯಲ್ಲಿ ನಮ್ಮೂರಿಗೆ ಎರಡು ಹೆಸರು ಕಂಡು ಗಾಬರಿಯಾಗಿ, ಮದುವೆಯನ್ನು ಪಟ್ಟಣದ ಹೋಟೆಲಿನಲ್ಲೇ ಮಾಡೋಣ ಎಂದು ಬರೆದಿದ್ದೀರಿ. ಕಾಲೇಜಿನಲ್ಲಿ ಕಲಿತ ಇಂಗ್ಲಿಷಿನಲ್ಲಿ ನನಗೆ ಉಳಿದಿರುವುದು ‘ವೆಲ್‌ಕಮ್’ ಮತ್ತು ‘ನೋ ಸರ್’. ನೀವು ಬರುವುದಕ್ಕೆ ಮೊದಲನೆಯದು, ಹೋಟೆಲಿಗೆ ಎರಡನೆಯದು ಸಲ್ಲುತ್ತದೆ. ಉಳಿದದ್ದನ್ನು ನಿಮ್ಮ ಸೊಸೆಯಾಗಲಿರುವ ನನ್ನ ಮಗಳು ಸಾಬಿನಾ ನಿಮಗೆ ಇಂಗ್ಲಿಷಿನಲ್ಲಿ ಓದಿ ಹೇಳುತ್ತಾಳೆ.

ಒಂದು ಹೆಸರು ಪೋಲಿಷ್, ಇನ್ನೊಂದು ಜರ್ಮನ್. ಊರು ಒಂದೇ, ಹಳ್ಳದ ಎರಡೂ ದಂಡೆಗೆ ಮನೆಗಳು. ಮೊದಲಿದ್ದ ಜರ್ಮನ್ ಸರ್ಕಾರ ಅಜ್ಜನ ಪೋಲಿಷ್ ಬಾಯಿ ಮುಚ್ಚಿಸಿತು, ಯುದ್ಧವಾದ ಮೇಲೆ ಬಂದ ಪೋಲಿಷ್ ಸರ್ಕಾರ ಅಜ್ಜಿಯ ಜರ್ಮನ್ ಬಾಯಿ ಮುಚ್ಚಿಸಿತು. ನಮ್ಮ ಅಡುಗೆಮನೆಯಲ್ಲಿ ಮಾತ್ರ ಎರಡೂ ಭಾಷೆಯ ಮಾತು ನಿಲ್ಲಲಿಲ್ಲ. ನನ್ನ ಹೆಂಡತಿ ಟ್ರೌಡಾ ದೇವರನ್ನು ಜರ್ಮನ್‌ನಲ್ಲಿ ಬೇಡಿ, ನನ್ನನ್ನು ಪೋಲಿಷ್‌ನಲ್ಲಿ ಬೈಯುತ್ತಿದ್ದಳು. ಅವಳು ಹೋಗಿ ಎರಡು ವರ್ಷವಾಯಿತು.

ಮದುವೆಯ ಹಿಂದಿನ ಸಂಜೆ ಊರವರೆಲ್ಲ ಹುಡುಗಿಯ ಮನೆಬಾಗಿಲಿಗೆ ಹಳೆಯ ಪಿಂಗಾಣಿ ಪಾತ್ರೆ ತಂದು ಶುಭವಾಗಲೆಂದು ಒಡೆಯುತ್ತಾರೆ, ಚೂರುಗಳನ್ನು ಗಂಡು ಹೆಣ್ಣು ಕೂಡಿ ಗುಡಿಸಬೇಕು. ಹೋಟೆಲಿನ ಬಾಗಿಲಲ್ಲಿ ಇದಕ್ಕೆ ಬಿಡುತ್ತಾರೆಯೇ? ಟ್ರೌಡಾ ತನ್ನ ಬಿರುಕುಬಿಟ್ಟ ನೀಲಿ ಬಟ್ಟಲನ್ನು ತೋರಿಸಿ, “ಇದನ್ನ ಸಾಬಿನಾ ಮದುವೇಲಿ ಒಡೀಬೇಕು ಕಣ್ರೀ, ಅಲ್ಲೀತನಕ ಕೈಜಾರಿಸಿದ್ರೆ ನೋಡಿ” ಎನ್ನುತ್ತಿದ್ದಳು. ಎರಡು ವರ್ಷದಿಂದ ಅದರಲ್ಲೇ ಸೂಪು ಕುಡಿಯುತ್ತಿದ್ದೇನೆ, ಜಾರಿಸಿಲ್ಲ. ಆ ಸಂಜೆ ಎಲ್ಲರಿಗಿಂತ ಮೊದಲು ನಾನೇ ಅದನ್ನು ಒಡೆಯುತ್ತೇನೆ. ಆದ್ದರಿಂದ ಮದುವೆ ಇಲ್ಲಿಯೇ.

ಉಡುಗೊರೆ ಏನು ತರಲಿ ಎಂದು ಕೇಳಿದ್ದೀರಿ. ನನಗೊಂದು ಬಟ್ಟಲು ತನ್ನಿ. ದಪ್ಪನೆಯದು, ದಿನದ ಊಟಕ್ಕೆ ಆಗುವಂಥದ್ದು.

ನಿಮ್ಮ ದಾರಿ ಕಾಯುವ,
ಅಲೋಯ್ಜಿ ಕ್ಲಿಮೆಕ್