ನಿದ್ದೆಯಲ್ಲಿ ನನ್ನ ಕಾಲುಗಳ ವರ್ತನೆ

ಮಧುಗಿರಿ
12 ಏಪ್ರಿಲ್ 2025

ಪ್ರಿಯ ಜಹೀರ್,

ಸಲಾಂ. ಅತ್ತಿಗೆ ಫಕ್ರುನ್ನೀಸಾ ಅವರ ಮಂಡಿನೋವು ಇಳಿಯಿತೇ? ಮೊಮ್ಮಗಳು ಸುಮಯ್ಯ ನಿನ್ನನ್ನು ಚೆಸ್ಸಿನಲ್ಲಿ ಸೋಲಿಸಿದಳೆಂದು ಓದಿ ಹಿಗ್ಗಿದೆ. ವಿಜ್ಞಾನದ ಮೇಷ್ಟ್ರಿಗೆ ಆಗಬೇಕಾದ್ದೇ! ಹೊಸವರ್ಷಕ್ಕೆ ಬರೆದ ಪತ್ರಕ್ಕೆ ಈಗ ಉತ್ತರಿಸುತ್ತಿದ್ದೇನೆ, ಬೈಯಬೇಡ. ತಪ್ಪು ನನ್ನದಲ್ಲ, ನನ್ನ ಕಾಲುಗಳದ್ದು. ಫೋನಿನಲ್ಲಿ ಹೇಳೋಣವೆಂದರೆ, ಈ ಡ್ರಿಲ್ ಮೇಷ್ಟ್ರ ಗಂಟಲು ಪಕ್ಕದ ಬೀದಿಗೂ ಕೇಳುತ್ತದೆ.

ಮಲಗಿದೊಡನೆ ಮೀನಖಂಡದಲ್ಲಿ ಇರುವೆ ಹರಿದಂತೆ ಜುಮುಜುಮು. ನಿದ್ದೆ ಹತ್ತಿದ ಮೇಲೆ ಕಾಲು ತಾನೇ ತಾನಾಗಿ ಝಾಡಿಸಿ ಒದೆಯುತ್ತದೆ. ಅದು ನನಗೆ ಗೊತ್ತಾಗುವುದಿಲ್ಲ; ಪಕ್ಕದಲ್ಲಿ ಮಲಗಿದ ವೇದಾವತಿಗೆ ಚೆನ್ನಾಗಿ ಗೊತ್ತಾಗುತ್ತದೆ.

"ರೀ, ನಾನೇನು ಫುಟ್ಬಾಲಾ?" ಎಂದಳು.

ನಾನು ಎದೆ ಸೆಟೆಸಿದೆ. "ಮಧುಗಿರಿ ಬೆಟ್ಟಾನ ಹುಡುಗರಿಗಿಂತ ಮುಂಚೆ ಹತ್ತಿದ ಕಾಲು ಕಣೇ. ರಿಟೈರಾಗಿದ್ದು ನಾನು, ಇವು ಇನ್ನೂ ಸರ್ವೀಸಲ್ಲಿವೆ."

"ಡಾಕ್ಟ್ರಿಗೆ ತೋರ್ಸಿ ಅಂದ್ರೆ ಭಾಷಣ ಬಿಗೀತೀರ."

ಡಾಕ್ಟರಿಗಿಂತ ಮೊದಲು ಊರೇ ನೋಡಿತು. ಪಕ್ಕದ ಮನೆ ದಾಸಮ್ಮ, "ಅಯ್ಯೋ ಮೇಷ್ಟ್ರೇ, ಅಮ್ಮ ಮೈಮೇಲೆ ಬರೋ ಸೂಚ್ನೆ ಕಣಪ್ಪ ಇದು" ಎಂದು ನಿಂಬೆಹಣ್ಣು ಹಿಡಿದು ಬಂದು, ತನ್ನ ಎಮ್ಮೆ ಯಾವಾಗ ಈಯುತ್ತದೆಂದು ನನ್ನ ಕಾಲನ್ನೇ ಕೇಳಿದಳು. ಸಂಕ್ರಾಂತಿಯೊಳಗೆ ಎಂದುಬಿಟ್ಟೆ. ಈದೂಬಿಟ್ಟಿತು! ಬೀದಿಯಲ್ಲಿ ನನ್ನ ಮರ್ಯಾದೆ ಒಂದು ಗೇಣು ಏರಿತು.

ತೆಲುಗು ಗಡಿಯ ರಾಯಚರ್ಲುವಿನ ಭಾವಮೈದ ಪೆದ್ದಣ್ಣನದು ಬೇರೆಯೇ ಸಿದ್ಧಾಂತ. ತನ್ನ ಹೊಲದಲ್ಲಿ ಸೋಲಾರ್ ಹಲಗೆಗಳು ಎದ್ದಮೇಲೆ ಅವನು ಅರ್ಧ ಇಂಜಿನಿಯರ್. ನಮ್ಮ ತಾರಸಿಯ ಸೋಲಾರ್ ಟ್ಯಾಂಕನ್ನು ದಿಟ್ಟಿಸಿ, "ಏಮಿ ಬಾವಾ, ಇದ್ರ ಕೆಳ್ಗೆ ಮಲ್ಗಿದ್ರೆ ಕರೆಂಟು ಇಳೀದೆ ಇನ್ನೇನಾಯ್ತದೆ? ರಬ್ಬರ್ ಚಪ್ಲಿ ಹಾಕ್ಕೊಂಡ್ ಮಲ್ಕೋ, ಎಲ್ಲಾ ಕಟ್ಟಾಯ್ತದೆ" ಎಂದ. ನಾನು ನಿನ್ನಂತೆ ವಿಜ್ಞಾನ ಓದಿದವನಲ್ಲ. ಹಾಕಿಕೊಂಡೇ ಮಲಗಿದೆ.

ಅಂದು ಬಿದ್ದ ಒದೆ ಚಪ್ಪಲಿ ಕಾಲಿನದು, ಜಹೀರ್. ವೇದಾವತಿ ಎದ್ದು ಕೂತಳು. ಚಾಪೆ, ದಿಂಬು ಎತ್ತಿಕೊಂಡು ಆಚೆ ಕೋಣೆಗೆ ನಡೆದಳು. ಬೆಳಗಾಗುತ್ತಲೇ ನಾನು ಆಸ್ಪತ್ರೆಯಲ್ಲಿದ್ದೆ. ಅವಳನ್ನು ವಾಪಸು ಕರೆತರಲು ಬೇರೆ ದಾರಿ ಕಾಣಲಿಲ್ಲ.

ಡಾಕ್ಟರು ಯಾರೆಂದುಕೊಂಡೆ? ನಮ್ಮ ಶಿವರಂಜನಿ! ಪ್ರಾರ್ಥನೆಗೆ ದಿನಾ ತಡವಾಗಿ ಬಂದು ನನ್ನಿಂದ ಮೈದಾನ ಸುತ್ತಿಸಿಕೊಳ್ಳುತ್ತಿದ್ದವಳು. ನಿದ್ದೆ ಹತ್ತುವಾಗ ಒಮ್ಮೆ ಬೆಚ್ಚಿಬೀಳುವುದು ಎಲ್ಲರಿಗೂ ಇದ್ದದ್ದೇ, ಕೈಕಾಲು ಒತ್ತಿಕೊಂಡು ಮಲಗಿದರೂ ಜೋಮು ಹಿಡಿಯುತ್ತದೆ, ಆದರೆ ದಿನವೂ ಹೀಗಾದರೆ ಸಕ್ಕರೆ ಕಾಯಿಲೆ, ಬಿ12, ಕಿಡ್ನಿ, ನುಂಗುತ್ತಿರುವ ಮಾತ್ರೆ ಎಲ್ಲವನ್ನೂ ನೋಡಬೇಕು ಎಂದು ರಕ್ತ ಪರೀಕ್ಷೆ ಮಾಡಿಸಿದಳು. ಸಿಕ್ಕಿಬಿದ್ದದ್ದು ಕಬ್ಬಿಣದ ಕೊರತೆ.

"ಊಟದ ಜೊತೆಗೇ ಟೀ ಕುಡೀತೀರಾ ಸಾರ್?"

"ಟೀ ಜೊತೆಗೆ ಊಟ ಮಾಡ್ತೀನಿ ಕಣಮ್ಮ."

"ಅದಕ್ಕೇ ತಿಂದಿದ್ದರಲ್ಲಿರೋ ಕಬ್ಬಿಣ ಮೈಗೆ ಹತ್ತಲ್ಲ. ಇನ್ಮೇಲೆ ಊಟಕ್ಕೂ ಟೀಗೂ ದೂರ ಇರ್ಲಿ. ಇಲ್ಲಾಂದ್ರೆ ಮೈದಾನ ಸುತ್ತಿಸ್ತೀನಿ!"

ಕಬ್ಬಿಣದ ಮಾತ್ರೆ ಕೊಟ್ಟಳು. ಒಳಗೆಲ್ಲಾದರೂ ರಕ್ತ ಸೋರುತ್ತಿದ್ದೀತೆಂದು ಹೊಟ್ಟೆಯನ್ನೂ ಪರೀಕ್ಷಿಸಿದಳು, ಅಲ್ಲೇನೂ ತೊಂದರೆಯಿಲ್ಲ. ಅವಳು ಗದರುವಾಗ, "ಇವಳನ್ನ ಓಡಿಸಿ ಓಡಿಸಿ ಬೆಳೆಸಿದ್ದು ನಾನೇ" ಎಂದು ಹೊರಗೆ ಕೂತ ರೋಗಿಗಳಿಗೆಲ್ಲ ಕೂಗಿ ಹೇಳಬೇಕೆನಿಸಿತು. ಹೊರಬಂದು ಹೇಳಿದೆ ಕೂಡ. ಒಬ್ಬ ಎದ್ದು ನನಗೆ ಕುರ್ಚಿ ಬಿಟ್ಟುಕೊಟ್ಟ.

ಈಗ ಕಾಲುಗಳು ಶಿಸ್ತಿಗೆ ಬಂದಿವೆ. ನಿನಗೂ ಎಂದಾದರೂ ಜುಮುಜುಮು ಎಂದರೆ ನೇರ ಡಾಕ್ಟರ ಹತ್ತಿರ ಹೋಗು, ಪೆದ್ದಣ್ಣನ ಹತ್ತಿರವಲ್ಲ. ಮನೆಯಲ್ಲಿ ಎಲ್ಲರೂ ನೂರ್ಕಾಲ ಚೆನ್ನಾಗಿರಲಿ. ಸುಮಯ್ಯಳಿಗೆ ನನ್ನ ಆಶೀರ್ವಾದ ಎರಡು ಪಾಲು.

ನಿನ್ನ,
ನಾಗಲಿಂಗಯ್ಯ
ನಿವೃತ್ತ ದೈಹಿಕ ಶಿಕ್ಷಕ

ತಾ.ಕ.: ವೇದಾವತಿ ಇನ್ನೂ ಆ ಕೋಣೆಯಲ್ಲೇ ಇದ್ದಾಳೆ. "ಕಾಲು ಸರಿಹೋಯ್ತು, ಬಾರೇ" ಎಂದೆ. "ಸಂತೋಷ ಕಣ್ರೀ. ಆದ್ರೆ ಮದ್ವೆಯಾದ್ಮೇಲೆ ಇಂಥಾ ನಿದ್ದೆ ನಾನು ಕಂಡೇ ಇರ್ಲಿಲ್ಲ" ಎಂದಳು, ಮುಖವೆಲ್ಲ ಅರಳಿಸಿಕೊಂಡು. ಕೋಪವಾಗಿದ್ದರೆ ರಮಿಸುತ್ತಿದ್ದೆ, ಈ ಸುಖಕ್ಕೆ ಏನು ಹೇಳಲಿ? ನಿನ್ನೆ ಎಚ್ಚರವಿದ್ದೇ, ಬೇಕೆಂದೇ ಮಂಚವನ್ನು ದಡ್ಡೆಂದು ಒದ್ದೆ. "ಮಾತ್ರೆ ನುಂಗಿದ್ರಾ?" ಎಂದು ಆಚೆಯಿಂದ ಕೇಳಿದಳು. ನುಂಗಿದೆ ಎಂದೆ. ಮರುಕ್ಷಣವೇ ಆ ಕೋಣೆಯಿಂದ ಗೊರಕೆ.